ಹಿಂದಿನ ಚಕ್ರದ ಏಳು ಟಿಕ್ಕು

ನನ್ನ ಹೆಂಡತಿ ಕಾರು ಬಿಟ್ಟು ಬಸ್ಸು ಹತ್ತತೊಡಗಿದಾಗ ನಾನು ಮೊದಲು ಸಂಶಯಪಟ್ಟದ್ದು ಬಸ್ಸಿನ ಮೇಲೆ. ನರಗುಂದದಿಂದ ಯಾವಗಲ್ ಕಡೆ ಹೋಗುವ ಆ ಮುಂಜಾನೆಯ ಬಸ್ಸು ನಮ್ಮ ಕಾರಿಗಿಂತ ಹಳೆಯದು. ಅದರ ಕಿಟಕಿಯ ಗಾಜುಗಳಲ್ಲಿ ಒಂದೂ ಸುಮ್ಮನೆ ಕೂಡುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂತವರು ತಗ್ಗು ಬಂದಾಗಲೆಲ್ಲ ಸೀಟು ಬಿಟ್ಟು ಮೇಲೇಳುತ್ತಾರೆ. ಅಂಥ ಬಸ್ಸಿನಲ್ಲಿ ನೋಯದ ಸೊಂಟ ನನ್ನ ಕಾರಿನಲ್ಲಿ ಮಾತ್ರ ನೋಯುತ್ತದೆ ಎಂದರೆ ಇದರಲ್ಲಿ ಬೇರೇನೋ ಇದೆ ಎಂದುಕೊಂಡೆ.

ನಾನು ಯೋಚಿಸುವುದೇ ಹಾಗೆ. ಮೂವತ್ತು ವರ್ಷ ಹತ್ತಿ ಮಿಲ್ಲಿನಲ್ಲಿ ಹತ್ತಿ ನೋಡುವ ಕೆಲಸ ಮಾಡಿದವನು. ಅಂಡಿಗೆಯ, ಎಂದರೆ ಹತ್ತಿ ತುಂಬಿದ ದೊಡ್ಡ ಗೋಣಿಯ, ಮೇಲ್ಭಾಗದಲ್ಲಿ ಒಣಗಿದ ಬೆಳ್ಳನೆಯ ಹತ್ತಿ ಇಟ್ಟಿರುತ್ತಾರೆ, ತೂಕ ಬರಲೆಂದು ಒಳಗೆ ನೀರು ಚಿಮುಕಿಸಿರುತ್ತಾರೆ. ಮೊಳಕೈತನಕ ಕೈ ತೂರಿಸಿ, ನಡುವಿನ ಹತ್ತಿ ಕಿತ್ತು, ಹಿಂಡಿ ನೋಡಿದ ಮೇಲೆ ಮಾತು. ತಂದವನು ಎದುರಿಗೆ ನಿಂತು ಆಣೆ ಹಾಕುತ್ತಿದ್ದರೆ ನಾನು ಅವನ ಮಾತು ಕೇಳುತ್ತಿರಲಿಲ್ಲ, ಮುಖ ನೋಡುತ್ತಿದ್ದೆ. ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು, ಚಾಳಿ ಬಿಟ್ಟಿಲ್ಲ. ನಮ್ಮ ಓಣಿಗೆ ಬರುವ ತರಕಾರಿಯವಳು ಈಗಲೂ ನನ್ನನ್ನು ಕಂಡರೆ ಬುಟ್ಟಿಯ ಮೇಲೆ ಅರಿವೆ ಎಳೆದುಕೊಳ್ಳುತ್ತಾಳೆ.

ಹೆಂಡತಿ ಯಾವಗಲ್ಲಿನ ಸಾಲೆಯಲ್ಲಿ ಮಾಸ್ತರಿಕೆ ಮಾಡುತ್ತಾಳೆ. ನನ್ನ ಕೆಲಸ ಮುಗಿದ ಮೇಲೆ ದಿನಾ ಮುಂಜಾನೆ ಅವಳನ್ನು ಕಾರಿನಲ್ಲಿ ಬಿಟ್ಟುಬರುವುದು, ಸಂಜೆ ಕರೆತರುವುದು ನನ್ನ ಪಾಲಿಗೆ ಬಂತು. ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ. ಮನೆಯಲ್ಲಿ ನಾವು ಉಪ್ಪು, ಗ್ಯಾಸು, ನೀರು ಬಂತೇ ಎಂಬುದರಾಚೆ ಮಾತಾಡುವ ಪೈಕಿ ಅಲ್ಲ. ಕಾರಿನಲ್ಲಿ ಮಾತ್ರ ಅವಳು ಬಾಯಿ ಬಿಡುತ್ತಿದ್ದಳು. ಯಾವ ಹುಡುಗಿ ಮಗ್ಗಿ ಹೇಳುವಾಗ ಹದಿಮೂರರ ಮನೆಗೆ ಬಂದು ಅತ್ತಳು, ಬಿಸಿಯೂಟದ ಸಾಂಬಾರಿಗೆ ಯಾರು ಎರಡು ಸಲ ಉಪ್ಪು ಹಾಕಿದರು, ಮುಖ್ಯಗುರುಗಳು ಯಾರ ಮೇಲೆ ಮುನಿದುಕೊಂಡರು, ಎಲ್ಲ. ಕೇಳಿ ನಗುತ್ತಿದ್ದೆ. ಅದೊಂದು ಗಂಟೆಗಾಗಿ ನಾನು ಉಳಿದ ಇಪ್ಪತ್ಮೂರು ಗಂಟೆ ತಡೆದುಕೊಂಡಿರುತ್ತಿದ್ದೆ ಎಂದು ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆಮೇಲೆ ಅವಳ ಸೊಂಟ ಹಿಡಿಯಿತು. ಸಾಲೆಯ ಜಗಲಿಯಲ್ಲಿ ನೀರಿನ ಡ್ರಮ್ಮು ಸರಿಸಲು ಹೋಗಿ ಅಲ್ಲೇ ಕೂತುಬಿಟ್ಟಳಂತೆ. ಬೆನ್ನೆಲುಬಿನ ನಡುವಿನ ಮೆತ್ತೆ ಜಾರಿದೆ ಎಂದು ಹುಬ್ಬಳ್ಳಿಯ ಡಾಕ್ಟರರು ಚಿತ್ರ ತೋರಿಸಿ ಹೇಳಿದರು. ಎರಡು ತಿಂಗಳು ಮಲಗಿದಳು. ಎದ್ದು ಸಾಲೆಗೆ ಹೊರಟಾಗ ಕಾರಿನ ಹಿಂದಿನ ಸೀಟಿನಲ್ಲಿ ಕೌದಿ ಮಡಚಿ ಬೆನ್ನಿಗಿಟ್ಟು, ಕಾಲು ಅಡ್ಡ ಚಾಚಿ ಕೂಡತೊಡಗಿದಳು. ಮಾತು ನಿಂತಿತು. ಯಾವಗಲ್ ರಸ್ತೆ ಎರೆ ಭೂಮಿಯ ಮೇಲಿನದು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಡಾಂಬರು ಹಾಕಿದ ವರ್ಷವೇ ಅಲೆ ಏಳುತ್ತದೆ. ಕಾರು ದಡ್ ಎಂದಾಗಲೆಲ್ಲ ಅವಳು "ಅವ್ವಾ" ಎನ್ನುತ್ತಿದ್ದಳು. ನಾನು ಮೇಲಿನ ಕನ್ನಡಿಯಲ್ಲಿ ನೋಡಿ "ನೋವಾತೇನು?" ಎಂದು ಕೇಳುತ್ತಿದ್ದೆ. ಒಂದು ತಿಂಗಳು ಹೀಗೇ ನಡೆಯಿತು. ಒಂದು ಸೋಮವಾರ ಅವಳು ಚೀಲ ಹೆಗಲಿಗೇರಿಸಿ, "ನಾ ಬಸ್ಸಿಗೆ ಹೋಗ್ತೀನ್ರಿ. ನಿಮಗೂ ತ್ರಾಸು ಬ್ಯಾಡ" ಎಂದು ಹೊರಟೇಬಿಟ್ಟಳು.

ನನಗೆ ತ್ರಾಸು ಬೇಡ ಎಂದು ಯಾರು ಹೇಳಿದರು? ವಾರ ತಡೆದೆ. ಎಂಟನೆಯ ದಿನ ಬಸ್ಸಿನ ಹಿಂದೆ ಕಾರು ಬಿಟ್ಟೆ. ಇದನ್ನು ಬರೆಯುವಾಗ ಮುಖ ಬಿಸಿಯಾಗುತ್ತದೆ, ಆದರೂ ಮಾಡಿದ್ದು ಮಾಡಿದ್ದೇ. ಒಂದು ನಿಲ್ದಾಣದಲ್ಲಿ ಬಸ್ಸಿನ ಪಕ್ಕಕ್ಕೆ ಬಂದು ನೋಡಿದೆ. ಸೀಟುಗಳು ಖಾಲಿ ಇದ್ದವು. ಅವಳು ಕಂಬಿ ಹಿಡಿದು ನಿಂತಿದ್ದಳು. ಮೊಸರಿನ ಗಡಿಗೆ ಹಿಡಿದ ಒಬ್ಬ ಹೆಂಗಸು ಏನೋ ಹೇಳುತ್ತಿದ್ದಳು, ನನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ನೋವಿರುವವರು ಖಾಲಿ ಸೀಟು ಬಿಟ್ಟು ನಿಂತು ನಗುತ್ತಾರೆಯೇ? ಸಂಜೆ ಏನೂ ಗೊತ್ತಿಲ್ಲದವನಂತೆ, "ಬಸ್ಸಿನ್ಯಾಗ ಸೀಟ್ ಸಿಗತೈತೇನು?" ಎಂದು ಕೇಳಿದೆ.

"ಸಿಗತೈತ್ರಿ. ನಾ ಕುಂಡ್ರೂದಿಲ್ಲ. ನಿಂತ್ರ ಮೊಣಕಾಲು ತಡಕೋತಾವ, ಕುಂತ್ರ ಎಲ್ಲಾ ಸೊಂಟಕ್ಕ ಬೀಳತೈತಿ," ಎಂದಳು.

ಉತ್ತರ ಸರಿಯಾಗಿತ್ತು. ಸರಿಯಾದ ಉತ್ತರಗಳ ಮೇಲೇ ನನಗೆ ಹೆಚ್ಚು ಸಂಶಯ. ಆದರೆ ಅದರಿಂದ ಒಂದು ದಾರಿ ಹೊಳೆಯಿತು. ಕಾರಿನ ಮೊಣಕಾಲು ಸರಿಮಾಡಿಸಿದರೆ ಅವಳು ತಿರುಗಿ ಬರಬೇಕಲ್ಲ? ಬಂದರೆ ಕಾರಣ ಸೊಂಟವೇ, ಬಾರದಿದ್ದರೆ ಕಾರಣ ನಾನು. ಹಾಗೆ ನಮ್ಮ ಹದಿನೇಳು ವರ್ಷದ ಕಾರಿಗೆ ಹೊಸ ಶಾಕಪ್ ಹುಡುಕುವುದು ಶುರುವಾಯಿತು.

ಶಾಕಪ್ ಎಂದರೆ ಚಕ್ರಕ್ಕೂ ಕಾರಿನ ಮೈಗೂ ನಡುವೆ, ಸ್ಪ್ರಿಂಗಿನ ಜೊತೆಗೆ ಇದ್ದು ತಗ್ಗಿನ ಹೊಡೆತ ತಡೆಯುವ ಎಣ್ಣೆಯ ಕೊಳವೆ. ನರಗುಂದದಲ್ಲಿ ನನಗೆ ಗೊತ್ತಿರುವ ಮೆಕ್ಯಾನಿಕ್ ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರಿನ ಉಂಡೆ ಸಿಕ್ಕಿಸಿದರೆ ಸಾಕು ಎಂದ. ಅವನ ಅಂಗಡಿಯಲ್ಲಿ ಆ ಉಂಡೆಗಳ ಡಬ್ಬಿ ಧೂಳು ಹಿಡಿದು ಕೂತಿತ್ತು, ಅದನ್ನು ಖಾಲಿ ಮಾಡುವ ಅವಸರ ಅವನ ಮುಖದಲ್ಲಿತ್ತು. ಹುಬ್ಬಳ್ಳಿಯ ಅಂಗಡಿಯವನು ಕೆಂಪು ಬಣ್ಣದ ಸ್ಪ್ರಿಂಗುಗಳ ಒಂದು ಜೋಡಿ ಮೇಜಿನ ಮೇಲಿಟ್ಟು, ಇದರ ಒಳಗಿನ ಕೊಳವೆಯ ಮೈಗೆಲ್ಲ ಸ್ಕ್ರೂವಿನಂಥ ಚೂಡಿ ಇದೆ, ತಿರುಗಿಸಿ ಕಾರನ್ನು ಎಷ್ಟು ಬೇಕಾದರೂ ಏರಿಸಬಹುದು, ಇಳಿಸಬಹುದು ಎಂದ. ಯಾವಗಲ್ಲಿಗೆ ಹೋಗುವ ಕಾರನ್ನು ನೆಲಕ್ಕೆ ಇಳಿಸಿ ನಾನೇನು ಮಾಡಲಿ? ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಒಬ್ಬ ಇದೇ ಅತ್ಯುತ್ತಮ ಎನ್ನುತ್ತಿದ್ದ, ಮರುದಿನ ಅವನೇ ಇನ್ನೊಂದನ್ನು ಅತ್ಯುತ್ತಮ ಎನ್ನುತ್ತಿದ್ದ. ಎರಡರಲ್ಲೂ ಅವನ ಅಂಗಿ ಒಂದೇ ಇತ್ತು, ಎರಡನ್ನೂ ಒಂದೇ ದಿನ ಮಾಡಿಟ್ಟಿದ್ದಾನೆ ಎಂದು ನನಗೆ ಖಾತ್ರಿಯಾಯಿತು.

ಕೊನೆಗೆ ಗಜೇಂದ್ರಗಡದ ಒಬ್ಬ ಮುದುಕನ ಸುದ್ದಿ ಬಂತು. ಬಾಡಿಗೆ ಜೀಪುಗಳ ಶಾಕಪ್ ಕೂಡಿಸುವುದರಲ್ಲಿ ಅವನದು ಪಳಗಿದ ಕೈ, ಬಾಣಂತಿಯರನ್ನು ಕರೆತರುವ ಜೀಪಿನವರೆಲ್ಲ ಅವನ ಬಳಿಗೇ ಹೋಗುತ್ತಾರೆ ಎಂದರು. ನರಗುಂದದಿಂದ ರೋಣ ದಾಟಿ ಅಷ್ಟು ದೂರ ಹೋಗಲು ನನಗೆ ಇನ್ನೊಂದು ಕಾರಣವೂ ಇತ್ತು. ನನ್ನ ಪರಿಚಯ ಇಲ್ಲದವನು ನನಗೆ ಮೋಸ ಮಾಡಲು ಮುಂಚೆಯೇ ತಯಾರಾಗಿರುವುದಿಲ್ಲ.

ಗುಡ್ಡದ ಬುಡದಲ್ಲಿ ತಗಡಿನ ಮಾಡು, ನೆಲದಲ್ಲಿ ಒಂದು ಕಾಲುವೆಯಂಥ ಹೊಂಡ. ಮುದುಕ ಬಿಳಿ ಗಡ್ಡದವನು, ತಲೆಗೆ ನೂಲಿನ ಟೋಪಿ. ನಾನು ಹುಬ್ಬಳ್ಳಿಯವನ ಚೂಡಿಯ ಸ್ಪ್ರಿಂಗಿನ ಬಗ್ಗೆ ಹೇಳಿದೆ. ಅವನು ಹೊಂಡದೊಳಗಿಂದಲೇ ಕಾರಿನ ಹೊಟ್ಟೆಗೆ ಅಂಟಿದ ಕರಿ ಮಣ್ಣನ್ನು ಉಗುರಿನಿಂದ ಕೆರೆದು ತೋರಿಸಿದ.

"ಇದು ಎರಿ ಮಣ್ಣರಿ. ಚೂಡಿ ಒಳಗ ಕುಂತು ಒಣಗಿದ್ರ ಸಿಮೆಂಟ್ ಅಕ್ಕೈತಿ. ಒಂದು ಮಳಿಗಾಲ ಹೋದ ಮ್ಯಾಲ ಯಾರ ಅಪ್ಪ ಬಂದ್ರೂ ತಿರಗಂಗಿಲ್ಲ. ನಿಮಗ ಏರಸೂದು ಇಳಸೂದು ಬೇಕಾಗಿಲ್ಲ. ಹಳೀ ಸ್ಪ್ರಿಂಗ್ ಇರಲಿ. ತಲಿ ಮ್ಯಾಲ ತಿರುವೋ ಗುಂಡಿ ಇರೋ ಶಾಕಪ್ ಹಾಕ್ರಿ. ಹಿಂದಿನ ಚಕ್ರದ ಗುಂಡಿ ಡಿಕ್ಕಿ ಒಳಗ ಬರತೈತಿ, ಮಣ್ಣು ಮುಟ್ಟಂಗಿಲ್ಲ."

"ಗುಂಡಿ ಏನ್ ಮಾಡತೈತಿ?"

"ಎಣ್ಣಿ ಎಷ್ಟು ಲಗೂ ಓಡಬೇಕು ಅಂತ ಹೇಳತೈತ್ರಿ. ಬಲಕ್ಕ ಪೂರಾ ತಿರುವಿದ್ರ ಭಾಳ ಬಿಗಿ. ಅಲ್ಲಿಂದ ಎಡಕ್ಕ ಒಂದೊಂದು ಟಿಕ್ಕು ಬಿಟ್ಟಂಗ ಸಡ್ಲ. ಹದಿನಾರು ಟಿಕ್ಕು ಅದಾವ."

"ಹಂಗಾದ್ರ ಹದಿನಾರೂ ಬಿಟ್ಟುಬಿಡ್ರಿ. ಆಕಿಗೆ ಮೆತ್ತಗ ಬೇಕು," ಎಂದೆ.

ಮುದುಕ ನಕ್ಕ. "ಪೂರಾ ಮೆತ್ತಗ ಬಿಟ್ರ ಗಾಡಿ ತೊಟ್ಟಲ ಅಕ್ಕೈತ್ರಿ. ಒಂದು ತಗ್ಗಿಗೆ ನಾಕು ಸಲ ಏಳತೈತಿ. ಸೊಂಟಕ್ಕ ಅದೂ ಕೆಟ್ಟದ್ದ. ನಡುವ ಎಲ್ಲೋ ಒಂದು ಜಾಗಾ ಐತಿ, ಅದನ್ನ ನೀವು ಹೇಳಾಕ ಬರಂಗಿಲ್ಲ, ನಾನೂ ಹೇಳಾಕ ಬರಂಗಿಲ್ಲ. ಯಾರ ಸೊಂಟ ಐತಿ ಅವರನ್ನ ಕರಕೊಂಬರ್ರಿ."

ಒಪ್ಪುವಂಥ ಮಾತು. ಆದರೂ ಅವನು ಹೇಳಿದ ಶಾಕಪ್ಪನ್ನು ಅವನ ಮೂಲಕ ತರಿಸದೆ ನಾನೇ ಕೊರಿಯರಿನಲ್ಲಿ ತರಿಸಿದೆ, ನಡುವೆ ಅವನ ಕೈವಾಡ ಇರಬಾರದೆಂದು. ಅವನು ಅದಕ್ಕೂ ಬೇಜಾರು ಮಾಡಿಕೊಳ್ಳಲಿಲ್ಲ. ಹೆಂಡತಿಯನ್ನು ಒಪ್ಪಿಸುವುದು ಕಷ್ಟವಾಯಿತು. ಗಜೇಂದ್ರಗಡ ನೋಡಿ ಭಾಳ ದಿನವಾಯಿತು, ಸೀರೆ ಅಂಗಡಿಗೂ ಹೋಗಿಬರೋಣ ಎಂದು ಪುಸಲಾಯಿಸಿದೆ. ಅವಳು ನನ್ನ ಮುಖವನ್ನು ಅರೆಗಳಿಗೆ ನೋಡಿ ಹೂಂ ಎಂದಳು.

ಒಂದು ರವಿವಾರ ನಾಲ್ಕೂ ಶಾಕಪ್ ಕೂತವು. ಇನ್ನು ಓಡಿಸಿ ನೋಡಬೇಕು. ನಾನು ಸ್ಟಿಯರಿಂಗಿನ ಹಿಂದೆ ಕೂತಾಗಿತ್ತು, ಅವಳು ಹಿಂದೆ ಕೌದಿಗೆ ಒರಗಿ ಕೂತಿದ್ದಳು. ಮುದುಕ ಬಂದು ನನ್ನ ಬಾಗಿಲು ತೆರೆದು ನಿಂತ.

"ಮಾಲಕರು ಕೆಳಗಿಳೀಬೇಕ್ರಿ."

"ಯಾಕ?"

"ನಮ್ಮ ರಿವಾಜು. ಗಾಡಿಯೊಳಗ ಮಾಲಕ ಇದ್ರ, ಹ್ಯಾಂಗೈತಿ ಅಂತ ಕೇಳಿದ್ರ ಎಲ್ಲಾರೂ ಅಡ್ಡಿ ಇಲ್ಲ ಅಂತಾರ. ಆ ಮಾತಿನ ಮ್ಯಾಲ ಗುಂಡಿ ತಿರುವಾಕ ಬರಂಗಿಲ್ಲ."

ನಮ್ಮ ಕಡೆಯ ಈ 'ಅಡ್ಡಿ ಇಲ್ಲ' ಎಂಬುದು ಅಂಥ ಮಾತೇ. ಊಟ ಹೇಗಿತ್ತು ಎಂದರೆ ಅಡ್ಡಿ ಇಲ್ಲ, ಅಳಿಯ ಹೇಗೆ ಎಂದರೆ ಅಡ್ಡಿ ಇಲ್ಲ. ಭಾಳ ಚಲೋ ಇದ್ದರೂ ಅದೇ, ಸಹಿಸಿಕೊಳ್ಳಬಹುದು ಎಂದರೂ ಅದೇ, ಈ ವಿಷಯ ಬಿಡು ಮಾರಾಯ ಎಂದರೂ ಅದೇ. ಹೆಂಡತಿಯೂ ದಿನಾ ನನಗೆ ಹೇಳುತ್ತಿದ್ದದ್ದು ಅದನ್ನೇ. ಇಳಿಯದೆ ಬೇರೆ ಉಪಾಯ ಕಾಣಲಿಲ್ಲ. ಮುದುಕ ನನ್ನ ಜಾಗದಲ್ಲಿ ಕೂತು, ಮೇಲಿನ ಕನ್ನಡಿಗೆ ಕೈ ಹಾಕಿ, "ಇದೇನ್ರಿ, ಇದರಾಗ ರಸ್ತೆನ ಕಾಣಸಂಗಿಲ್ಲ, ಬರೇ ಅಕ್ಕಾರ ಮಾರಿ ಕಾಣಸತೈತಿ," ಎಂದು ತಿರುಗಿಸಿಕೊಂಡ.

ಹೊರಟರು. ನಾನು ತಗಡಿನ ಕೆಳಗೆ ಒಂದು ಟಾಯರಿನ ಮೇಲೆ ಕೂತೆ. ಹತ್ತು ನಿಮಿಷಕ್ಕೆ ಬಂದರು, ಮುದುಕ ಡಿಕ್ಕಿ ತೆರೆದು ಟಿಕ್ ಟಿಕ್ ಎಂದು ತಿರುವಿದ, ಮತ್ತೆ ಹೋದರು. ಹೀಗೆ ಐದು ಸಲ. ಮೂರನೆಯ ಸಲ ಬಂದಾಗ ಕಿಟಕಿ ಕೆಳಗಿತ್ತು. ಅವಳು ಮಾತಾಡುತ್ತಿದ್ದಳು! ಅಡ್ಡಿ ಇಲ್ಲ ಎನ್ನುತ್ತಿರಲಿಲ್ಲ. "ಈಗ ಗುದ್ದು ಕಡಿಮಿ ಆತ್ರಿ, ಆದ್ರ ಬಿದ್ದ ಮ್ಯಾಲ ಒಂದು ಎಳತ ಬರತೈತಿ, ಎಡಗಾಲು ತನಕ" ಎಂದು ಕೈಯಿಂದ ತೊಡೆಯ ಮೇಲೆ ಗೆರೆ ಎಳೆದು ತೋರಿಸುತ್ತಿದ್ದಳು. ಎಡಗಾಲಿನ ಎಳೆತದ ಸುದ್ದಿ ನಾನು ಕೇಳಿದ್ದು ಅದೇ ಮೊದಲು. ನಾಲ್ಕು ತಿಂಗಳು ನನಗೆ ಹೇಳದ್ದನ್ನು ಯಾರೋ ಶಾಕಪ್ ಮುದುಕನಿಗೆ ಅರ್ಧ ತಾಸಿನಲ್ಲಿ ಹೇಳಿದ್ದಳು.

ಕಡೆಗೆ ಹಿಂದಿನ ಎರಡು ಚಕ್ರಕ್ಕೆ ಏಳು ಟಿಕ್ಕು ಎಂದು ನಿಂತಿತು. ಪೂರಾ ಬಿಗಿಯಿಂದ ಹಿಂದಕ್ಕೆ ಏಳು. ಮುದುಕ ಸೀಮೆಸುಣ್ಣದಿಂದ ಡಿಕ್ಕಿಯ ಒಳಗೆ ಬರೆದೂ ಕೊಟ್ಟ. "ಇದನ್ನ ಮುಟ್ಟಬ್ಯಾಡ್ರಿ. ಇದು ಗಾಡೀದಲ್ಲ, ಅಕ್ಕಾರದು," ಎಂದ.

ಮರುದಿನ ಅವಳು ಬಸ್ಸಿಗೆ ಹೋಗಲಿಲ್ಲ. ನಾನು ಕೇಳುವ ಮುಂಚೆಯೇ ಕಾರಿನ ಹಿಂದಿನ ಬಾಗಿಲು ತೆರೆದು ಕೂತಳು. ಎರಡನೆಯ ವಾರಕ್ಕೆ ಮಾತೂ ಬಂತು. ಮಗ್ಗಿಯ ಹುಡುಗಿ ಹದಿಮೂರನ್ನು ದಾಟಿದ್ದಳು. ಮೊಸರಿನ ಹೆಂಗಸಿನ ಕತೆಗಳನ್ನೂ ಹೇಳಿದಳು. ಅವಳ ಎಮ್ಮೆ ಮನೆಯವರ ಮೇಲೆ ಸಿಟ್ಟು ಮಾಡಿಕೊಂಡು ಬಸ್ ನಿಲ್ದಾಣದಲ್ಲಿ ಹೋಗಿ ನಿಂತಿತ್ತಂತೆ. ನಾನು ನಕ್ಕು ನಕ್ಕು ಕಾರು ನಿಲ್ಲಿಸಬೇಕಾಯಿತು. ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಸಾಕಾಗಿತ್ತು.

ಸುಮ್ಮನಿರಲಾಗಲಿಲ್ಲ. ನಾಲ್ಕು ಕೊಳವೆ, ಏಳು ಟಿಕ್ಕು, ಅಷ್ಟರಲ್ಲೇ ನಾಲ್ಕು ತಿಂಗಳ ನೋವು ಹೋಗುತ್ತದೆಯೇ? ಎಂಟಕ್ಕೆ ನೋವು, ಆರಕ್ಕೆ ನೋವು, ಏಳಕ್ಕೆ ಮಾತ್ರ ಇಲ್ಲ ಎಂದರೆ ನಂಬುವುದು ಹೇಗೆ? ಮುದುಕ ಅವಳ ಮನಸ್ಸಿಗೆ ಸಮಾಧಾನವಾಗಲೆಂದು ಟಿಕ್ ಟಿಕ್ ಎನಿಸಿದ್ದಾನೆ, ಅವಳು ನಂಬಿದ್ದಾಳೆ. ಅಂದರೆ ನೋವು ಮೊದಲೂ ಅಷ್ಟು ಇರಲಿಲ್ಲ. ಇದು ಒಂದು ಸಲ ತಲೆಗೆ ಹೊಕ್ಕಿದ್ದೇ ತಡ, ಅವಳ ನಗು ಕೂಡ ನನಗೆ ಸಾಕ್ಷಿಯಾಗತೊಡಗಿತು. ಕನ್ನಡಿಯನ್ನು ಮತ್ತೆ ಅವಳ ಮುಖಕ್ಕೆ ತಿರುಗಿಸಿಕೊಂಡೆ.

ಒಂದು ಗುರುವಾರ ಮುಂಜಾನೆ ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ನಾನು ಹೊರಗೆ ಹೋಗಿ ಡಿಕ್ಕಿ ತೆರೆದೆ. ಎರಡೂ ಗುಂಡಿಗಳನ್ನು ಬಲಕ್ಕೆ, ಇನ್ನು ತಿರುಗುವುದಿಲ್ಲ ಎನ್ನುವತನಕ ತಿರುವಿದೆ. ಏಳು ಟಿಕ್ಕು ಎಣಿಸಿದೆ, ಮುದುಕ ಅಷ್ಟರ ಮಟ್ಟಿಗೆ ಸುಳ್ಳು ಹೇಳಿರಲಿಲ್ಲ. ಡಿಕ್ಕಿ ಮುಚ್ಚಿ ಕೈ ತೊಳೆದುಕೊಂಡು ಬಂದೆ.

ಊರು ದಾಟುವ ಮುಂಚಿನ ಒಡೆದ ಗಟಾರದ ಮೇಲೆ ಕಾರು ದಡ್ ಎಂದಿತು. ಕನ್ನಡಿಯಲ್ಲಿ ನೋಡಿದೆ. ಅವಳ ತುಟಿ ಒಂದು ಕ್ಷಣ ಬಿಗಿಯಾಯಿತು, ಅಷ್ಟೇ. "ಅವ್ವಾ" ಎನ್ನಲಿಲ್ಲ. ಮುಂದಿನ ಉಬ್ಬನ್ನು ನಾನು ತಪ್ಪಿಸಲಿಲ್ಲ. ಬೇಕೆಂದೇ ನೇರ ಹೊಡೆದೆ. ಅವಳು ಕಿಟಕಿಯಾಚೆ ಕಡಲೆ ಹೊಲ ನೋಡುತ್ತಿದ್ದಳು.

"ನೋವಾತೇನು?" ಎಂದೆ.

"ಇಲ್ರಿ. ಏನೂ ನೋವಿಲ್ಲ."

ಸಿಕ್ಕಿಬಿದ್ದಳು ಎಂದುಕೊಂಡೆ. ಯಾವಗಲ್ ಬರುವತನಕ ಒಂದು ತಗ್ಗನ್ನೂ ಬಿಡಲಿಲ್ಲ. ಸಾಲೆಯ ಮುಂದೆ ಅವಳು ಬಾಗಿಲು ಹಿಡಿದು ನಿಧಾನಕ್ಕೆ ಇಳಿದು, ಸ್ವಲ್ಪ ಹೊತ್ತು ಗೇಟಿಗೆ ಕೈ ಊರಿ ನಿಂತು ಒಳಗೆ ಹೋದಳು. ನಾನು ಶಿಳ್ಳೆ ಹಾಕುತ್ತ ನರಗುಂದಕ್ಕೆ ಬಂದೆ. ಅಷ್ಟು ತಿಂಗಳ ಮೇಲೆ ನನ್ನ ಮಾತು ಖರೇ ಆಗಿತ್ತು.

ಮಧ್ಯಾಹ್ನ ಸಾಲೆಯಿಂದ ಫೋನು ಬಂತು. ಅವಳು ಪಾಠ ಮಾಡುತ್ತಿದ್ದವಳು ಕುರ್ಚಿಯಿಂದ ಏಳಲಾಗದೆ ಹಾಗೇ ಇದ್ದಾಳೆ, ಲಗೂ ಬರ್ರಿ ಎಂದರು. ಹೊರಡುವ ಮುಂಚೆ ನಾನು ಮೊದಲು ಮಾಡಿದ್ದು ಡಿಕ್ಕಿ ತೆರೆದು ಏಳು ಟಿಕ್ಕು ಹಿಂದಕ್ಕೆ ತಿರುವಿದ್ದು. ಒಂದು ಸಲ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದೆ. ಇಬ್ಬರು ಶಿಕ್ಷಕಿಯರು ಅವಳನ್ನು ಎತ್ತಿ ಸೀಟಿನ ಮೇಲೆ ಮಲಗಿಸಿದರು. ದವಾಖಾನೆಯಲ್ಲಿ ಸೂಜಿ ಮಾಡಿಸಿ ಮನೆಗೆ ಕರೆತರುವಾಗ ಸಂಜೆಯಾಗಿತ್ತು. ಕೋಣೆಯಲ್ಲಿ ಚಾಪೆ ಹಾಸಿ, ಮೊಣಕಾಲಿನ ಕೆಳಗೆ ದಿಂಬಿಟ್ಟು ಮಲಗಿಸಿದೆ. ಚಹಾ ಮಾಡಿ ತಂದು ಪಕ್ಕದಲ್ಲಿ ಕೂತೆ.

"ಗುಂಡಿ ತಿರುವಿದ್ರಿ, ಹೌದಲ್ಲ?" ಎಂದಳು.

ಚಹಾದ ಬಟ್ಟಲು ಕೆಳಗಿಟ್ಟೆ. "ಯಾವಾಗ ಗೊತ್ತಾತು?"

"ಗಟಾರದ ಮ್ಯಾಲ."

"ಆಗಲೇ ಹೇಳಬೇಕಿಲ್ಲೇನು? ನಿಲ್ಲಸ್ತಿದ್ನಿ."

ಅವಳು ನನ್ನ ಕಡೆ ತಿರುಗಲು ನೋಡಿದಳು, ಆಗಲಿಲ್ಲ. ಮಾಡು ನೋಡುತ್ತಲೇ ಹೇಳಿದಳು. "ನೋವಾಕ್ಕೈತಿ ಅಂದಾಗೆಲ್ಲಾ ನನ್ನ ಮಾರಿ ನೋಡ್ತೀರಿ, ಖರೇನೋ ಸುಳ್ಳೋ ಅಂತ. ಅದಕ ಬಸ್ ಹತ್ತಿದ್ನಿ. ಬಸ್ಸಿನ ಹಿಂದೂ ಬಂದ್ರಿ. ಇವತ್ತು ಇವರಿಗೆ ಏನ ಬೇಕಾಗೇತಿ ಅದನ್ನ ಹೇಳಿಬಿಡೂಣು ಅನಿಸ್ತ್ರಿ. ನೋವಿಲ್ಲ ಅಂದ್ನಿ."

ಸ್ವಲ್ಪ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿತು. ಚಹಾ ಹಾಗೇ ಉಳಿಯಿತು. ಮದುವೆಯಾಗಿ ಮೂವತ್ತೊಂದು ವರ್ಷ. ಅಷ್ಟು ವರ್ಷಗಳಲ್ಲಿ ಅವಳು ನನಗೆ ಹೇಳಿದ ಸುಳ್ಳು ನನಗೆ ಗೊತ್ತಿರುವಂತೆ ಅದೊಂದೇ, ನಾನು ತಿರುಗಿ ಕೇಳದೆ ನಂಬಿದ್ದೂ ಅದೊಂದನ್ನೇ.